ಪಂಪಿನ ಪಕ್ಕ ನಿಂತವರು

ಕುಂಬ್ರ
20-10-1956

ಪುತ್ತೂರಿನ ಸ್ಟುಡಿಯೋ ಪದ್ಮಯ್ಯನವರಿಗೆ,

ನಾನು ಕುಂಬ್ರದ ಪೆಟ್ರೋಲ್ ಪಂಪಿನ ವಾರಿಜಾಕ್ಷಿ. ಹೆಸರು ಹೇಳಿದರೆ ನಿಮಗೆ ಗುರುತು ಹತ್ತಲಿಕ್ಕಿಲ್ಲ. ಕಳೆದ ಶನಿವಾರ ಆಯುಧಪೂಜೆಯ ದಿನ ಕಂಪೆನಿಯ ಕೆಲಸವೆಂದು ನೀವು ಬಂದು ನಮ್ಮ ಕೈಪಂಪಿನ ಫೋಟೊ ತೆಗೆದಿರಿ. ಪಂಪಿನ ತಲೆಯ ಮೇಲಿನ ಎರಡು ಗಾಜಿನ ಜಾಡಿಗಳನ್ನು ಬೂದಿ ಹಾಕಿ ತಿಕ್ಕಿ, ಗೊಂಡೆಹೂವಿನ ಮಾಲೆ ಕಟ್ಟಿ ಹಾಕಿದವಳು ನಾನು.

ವಿಷಯ ಏನೆಂದರೆ, ನನ್ನ ಯಜಮಾನರು ತ್ಯಾಂಪಣ್ಣನವರು ತೀರಿಹೋಗಿ ಎರಡು ವರ್ಷವಾಯಿತು. ಪಂಪಿನ ಕರಾರುಪತ್ರ ಈಗಲೂ ಅವರ ಹೆಸರಿನಲ್ಲೇ ಉಂಟು. ಅದನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಮಂಗಳೂರಿನ ಏಜೆಂಟರಿಗೆ ಮೂರು ಅರ್ಜಿ ಹಾಕಿದ್ದೇನೆ. ಪುತ್ತೂರು, ಸುಳ್ಯ, ಕಡಬ ಕಡೆಯ ಎಲ್ಲ ಪಂಪುಗಳ ಫೋಟೊ ಬರಲಿ, ಯಾವುದನ್ನು ಯಾರು ನಡೆಸುತ್ತಾರೆಂದು ನೋಡಿ ತೀರ್ಮಾನ ಮಾಡುತ್ತೇವೆ ಎಂದು ಅವರ ಉತ್ತರ. ಆದ್ದರಿಂದ ಕೇಳುತ್ತೇನೆ. ನೀವು ಮಂಗಳೂರಿಗೆ ಕಳುಹಿಸಿದ ಫೋಟೊದಲ್ಲಿ ಏನೇನು ಕಾಣುತ್ತದೆ? ಅದರದ್ದೊಂದು ಪ್ರತಿ ನನಗೆ ಬೇಕು. ಪುಕ್ಕಟೆ ಬೇಡ.

ಪೋಕರ್ ಬ್ಯಾರಿಯ ಲಾರಿ ಬಂದು ನಿಂತಿದೆ. ಬರೆಯಲು ಇರುವುದು ಇಷ್ಟೇ.

ವಾರಿಜಾಕ್ಷಿ


ಬೆಳ್ಳಾರೆ
2-11-1956

ವಾರಿಜಾಕ್ಷಿ ಅಕ್ಕನವರಿಗೆ ಪದ್ಮಯ್ಯನ ನಮಸ್ಕಾರ.

ನಿಮ್ಮ ಕಾಗದ ಸ್ಟುಡಿಯೋದ ಬಾಗಿಲಡಿಯಲ್ಲಿ ಬಿದ್ದುಕೊಂಡಿತ್ತಂತೆ. ಪಕ್ಕದ ಟೈಲರ್ ಶ್ಯಾಮ ಅದನ್ನು ಬಸ್ಸಿನಲ್ಲಿ ಕೊಟ್ಟು ಕಳುಹಿಸಿದ. ಅಷ್ಟರಲ್ಲಿ ನಾವು ಮದ್ರಾಸಿನವರು ಹೋಗಿ ಮೈಸೂರಿನವರಾಗಿ ಒಂದು ದಿನ ಕಳೆಯಿತು. ನಿನ್ನೆ ಇಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಸಕ್ಕರೆ ಹಂಚಿದರು, ನನ್ನ ಅಂಗೈಗೂ ಒಂದು ಚಿಟಿಕೆ ಬಿತ್ತು.

ಫೋಟೊದ ಬಗ್ಗೆ ನಿಮಗೆ ಚಿಂತೆಯೇ ಬೇಡ. 17ನೇ ತಾರೀಕಿಗೇ ಅಂಚೆಗೆ ಹಾಕಿದ್ದೇನೆ. ಬಹಳ ಚೆಂದ ಬಂದಿದೆ ಅಕ್ಕ. ಜಾಡಿಯೊಳಗೆ ಪೆಟ್ರೋಲು ಎಲ್ಲಿಯವರೆಗೆ ಉಂಟು ಎಂಬುದು ಕೂಡ ಕಾಣುತ್ತದೆ. ಬರೀ ಯಂತ್ರವನ್ನು ತೆಗೆದರೆ ಅದರ ಎತ್ತರ ನೋಡಿದವರಿಗೆ ಗೊತ್ತಾಗುವುದಿಲ್ಲ, ಯಾರಾದರೂ ಒಬ್ಬರು ಪಕ್ಕದಲ್ಲಿ ನಿಲ್ಲಬೇಕು. ನಿಮ್ಮ ಮೈದುನ ಸಂಕಪ್ಪನವರು ಸರಿಯಾದ ಹೊತ್ತಿಗೆ ಬಂದರು. ಕೈಕಟ್ಟಿ ನಿಂತ ಗತ್ತು ನೋಡಿದರೆ ಊರಿನ ಪಟೇಲರೇ ಸೈ.

ಬೆಳ್ಳಾರೆಯಲ್ಲಿ ಪಂಪು ಇಲ್ಲ. ಮುಳಿಹುಲ್ಲಿನ ಮಾಡಿನ ಕೆಳಗೆ ನಾಲ್ಕು ಬ್ಯಾರಲ್ ಇಟ್ಟುಕೊಂಡು ಡಬ್ಬದಲ್ಲಿ ಅಳೆದು ಕೊಡುತ್ತಾರೆ. ಪೆಟ್ರೋಲಿನ ಮೇಲೆ ಒಣಹುಲ್ಲು. ಈ ಫೋಟೊ ಕಂಡರೆ ಏಜೆಂಟರಿಗೆ ಚಳಿಜ್ವರ ಬರುವುದು ಖಂಡಿತ. ಅದನ್ನು ತೆಗೆದು ಮುಗಿಸಿ ತಿರುಗಿ ನೋಡಿದರೆ, ಆಚೆ ಅಂಗಳದಲ್ಲಿ ಅಂಥದ್ದೇ ಒಂದು ಬ್ಯಾರಲನ್ನು ಅರ್ಧಕ್ಕೆ ಕೊಯ್ದು ಅಡಿಕೆ ಬೇಯಿಸುತ್ತಿದ್ದಾರೆ. ಬಾವಿಕಟ್ಟೆಯಲ್ಲಿ ಚಿಮಿಣಿ ಎಣ್ಣೆಯ ಡಬ್ಬಕ್ಕೆ ಹಗ್ಗ ಕಟ್ಟಿ ನೀರು ಸೇದುತ್ತಿದ್ದಾರೆ. ಡಾಮರಿನ ಬ್ಯಾರಲನ್ನು ಬಡಿದು ಚಪ್ಪಟೆ ಮಾಡಿ ಅಂಗಡಿಗೆ ಬಾಗಿಲು. ನಾನು ಮೂರಕ್ಕೂ ಒಂದೊಂದು ಫೋಟೊದ ಪ್ಲೇಟು ಖರ್ಚು ಮಾಡಿದೆ. ಕಂಪೆನಿಗೆ ಇದು ಬೇಡ, ಅವರು ಹೇಳಿದ್ದೂ ಅಲ್ಲ. ಎಣ್ಣೆ ಮುಗಿದ ಮೇಲೂ ಅದರ ಪಾತ್ರೆಗಳು ಹೀಗೆ ಮನೆಮನೆಯಲ್ಲಿ ದುಡಿಯುವುದನ್ನು ನೋಡಿ ನನಗೆ ಆಸೆಯಾಯಿತು, ಅಷ್ಟೆ.

ನೀವು ಪ್ರತಿ ಯಾಕೆ ಕೇಳಿದ್ದು ಎಂದು ನನಗೆ ಅರ್ಥವಾಗಿದೆ. ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಗಂಡನನ್ನು ಕಳೆದುಕೊಂಡವರು ಇಂಥದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ತ್ಯಾಂಪಣ್ಣನವರು 52ರಲ್ಲಿ ಲೈಸೆನ್ಸಿಗೆಂದು ತೆಗೆಸಿದ ಫೋಟೊದ ನೆಗೆಟಿವ್ ನನ್ನಲ್ಲಿ ಇನ್ನೂ ಉಂಟು. ಸ್ವಲ್ಪ ದಿನ ಕೊಡಿ.

ಪದ್ಮಯ್ಯ


ಸುಳ್ಯ
14-11-1956

ವಾರಿಜಾಕ್ಷಿ ಅಕ್ಕನವರಿಗೆ,

ಎರಡು ರಟ್ಟಿನ ನಡುವೆ ಇಟ್ಟದ್ದನ್ನು ಬಗ್ಗಿಸದೆ ಹೊರಗೆ ತೆಗೆಯಿರಿ. ಕುಳಿತುಕೊಂಡು ನೋಡಿರಿ.

ಆದಿತ್ಯವಾರ ಇದಕ್ಕಾಗಿಯೇ ಪುತ್ತೂರಿಗೆ ಹೋಗಿ ಇಡೀ ದಿನ ಸ್ಟುಡಿಯೋದಲ್ಲಿ ಕುಳಿತೆ. ಸಂಕಪ್ಪನವರನ್ನು ಬ್ಲೇಡಿನಿಂದ ಮೆಲ್ಲ ಕೆರೆದು ತೆಗೆದೆ, ಅವರಿಗೆ ಹೇಳಬೇಡಿ. ಆ ಜಾಗದಲ್ಲಿ ತ್ಯಾಂಪಣ್ಣನವರನ್ನು ಕೂರಿಸಿದೆ. ನನ್ನಲ್ಲಿದ್ದದ್ದು ಅವರ ಸೊಂಟದ ಮೇಲಿನ ಚಿತ್ರ ಮಾತ್ರ, ಕಾಲು ಎಲ್ಲಿಂದ ತರುವುದು? ಆದ್ದರಿಂದ ಪಂಪಿನ ಬದಿಯ ಬ್ಯಾರಲ್ಲಿನ ಹಿಂದೆ ನಿಲ್ಲಿಸಿದೆ. ಟಚಿಂಗ್ ಪೆನ್ಸಿಲಿನಲ್ಲಿ ಅವರ ಹೆಗಲಿಗೆ ಮಾಲೆಯ ನೆರಳನ್ನೂ ಬೀಳಿಸಿದ್ದೇನೆ. ಅಂಟಿಸಿದ್ದು ಎಂದು ಯಾರಿಗೂ ಗೊತ್ತಾಗದು. ಇದಕ್ಕೆ ಏನೂ ಕೊಡಬೇಕಾಗಿಲ್ಲ. ಇದು ನನ್ನ ಲೆಕ್ಕದ್ದು.

ಸುಳ್ಯದಲ್ಲಿ ಒಂದು ನಿಧಿ ಸಿಕ್ಕಿತು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿ, ಇದ್ದಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸಿದ್ದು ನಿಮಗೆ ನೆನಪಿರಬೇಕು. ಅಂಥ ಒಂದು ಒಲೆ ಇಲ್ಲಿ ಸೇವಂತಿ ಎಂಬವರ ಬಚ್ಚಲಲ್ಲಿ ಉಂಟು. ಅವರ ಯಜಮಾನರು ಬಸ್ಸು ಮಾರುವಾಗ ಅದನ್ನು ಮಾತ್ರ ಇಟ್ಟುಕೊಂಡರಂತೆ. ಈಗ ಅದರಲ್ಲಿ ಮೊಮ್ಮಕ್ಕಳ ಸ್ನಾನಕ್ಕೆ ನೀರು ಕಾಯುತ್ತದೆ. ನಾನು ಫೋಟೊ ತೆಗೆಯುತ್ತೇನೆ ಎಂದಾಗ ಸೇವಂತಿಯಮ್ಮ, ತಣ್ಣಗಿರುವಾಗ ತೆಗೆದರೆ ಅದಕ್ಕೆ ಮರ್ಯಾದೆ ಇಲ್ಲ ಎಂದು ಒಲೆ ಹೊತ್ತಿಸಿಯೇ ಬಿಟ್ಟರು. ಹೊಗೆಯಲ್ಲಿ ನನಗೂ ಕ್ಯಾಮರಾಕ್ಕೂ ಕಣ್ಣು ಕಾಣಲಿಲ್ಲ. ನಾಳೆ ಪುನಃ ಹೋಗಬೇಕು.

ಫೋಟೊ ಹೇಗೆ ಆಯಿತೆಂದು ಎರಡು ಗೆರೆ ಬರೆಯಿರಿ.

ಪದ್ಮಯ್ಯ


ಕುಂಬ್ರ
19-11-1956

ಪದ್ಮಯ್ಯನವರಿಗೆ,

ನಿಮ್ಮ ಫೋಟೊ ಬಂತು. ನಾನು ಬಿಚ್ಚುವ ಮೊದಲೇ ಅತ್ತೆ ಬಿಚ್ಚಿದರು. ಅವರಿಗೆ ಕಣ್ಣು ಮಂಜು. ಫೋಟೊವನ್ನು ಮೂಗಿನ ಹತ್ತಿರ ಹಿಡಿದು, "ಇವ ಯಾವಾಗ ಬಂದದ್ದು?" ಎಂದು ನನ್ನನ್ನು ಕೇಳಿದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಎರಡು ವರ್ಷದಲ್ಲಿ ಅತ್ತದ್ದು ಅದೇ ಮೊದಲು, ಪುರುಸೊತ್ತು ಇರಲಿಲ್ಲ. ಆಮೇಲೆ ಹೊರಗೆ ಬಂದು ನೋಡಿದಾಗ ಕೋಪ ಬಂತು. ಆ ಕೋಪ ಇನ್ನೂ ಇಳಿದಿಲ್ಲ, ಅದರಲ್ಲಿಯೇ ಬರೆಯುತ್ತಿದ್ದೇನೆ.

ಪ್ರತಿ ನಾನು ಕೇಳಿದ್ದು ಗಂಡನನ್ನು ನೋಡಲಿಕ್ಕೆ ಅಲ್ಲ. ನನ್ನನ್ನು ಹುಡುಕಲಿಕ್ಕೆ. ಅವರು ಕಾಯಿಲೆ ಬಿದ್ದ ವರ್ಷದಿಂದ ಈ ಹಿಡಿಕೆ ಆಡಿಸುವವಳು ನಾನು. ಒಂದು ಜಾಡಿ ತುಂಬುವಾಗ ಇನ್ನೊಂದು ಇಳಿಯಬೇಕು, ಎರಡರ ನಡುವಿನ ಸಣ್ಣ ಹಿಡಿ ತಿರುಗಿಸಬೇಕು, ಒಂದು ಹನಿ ನೆಲಕ್ಕೆ ಹೋಗಬಾರದು. ಸೀರೆಗೆ ಪೆಟ್ರೋಲಿನ ವಾಸನೆ ಎಂದು ನೆಂಟರಿಷ್ಟರ ಮನೆಯಲ್ಲಿ ನನ್ನ ಪಕ್ಕ ಊಟಕ್ಕೆ ಕುಳಿತುಕೊಳ್ಳುವುದಿಲ್ಲ. ಹಾಗಿರುವಾಗ ಆಯುಧಪೂಜೆಯ ದಿನ ನೀವು ಕರಿಬಟ್ಟೆಯಿಂದ ತಲೆ ಹೊರಗೆ ತಂದು, ಅತ್ತ ಹೋಗು ಎಂದು ನನಗೆ ಕೈ ಬೀಸಿದಿರಿ. ಒಂದು ಮಾತೂ ಆಡಲಿಲ್ಲ. ನಾನು ಹಲಸಿನ ಮರದ ಹಿಂದೆ ಸರಿದು ನಿಂತೆ. ಊಟಕ್ಕೆಂದು ಬಂದ ಸಂಕಪ್ಪನನ್ನು ಕರೆದು ನನ್ನ ಜಾಗದಲ್ಲಿ ನಿಲ್ಲಿಸಿದಿರಿ. ಆಗ ನನಗೆ ಏನೂ ಅನ್ನಿಸಲಿಲ್ಲ, ಅದೇ ಈಗ ಬೇಸರ. ಯಾರು ಕೈ ಬೀಸಿದರೂ ಸರಿಯುವುದು ಅಷ್ಟು ಅಭ್ಯಾಸವಾಗಿ ಹೋಗಿದೆ.

ಮೊನ್ನೆ ಏಜೆಂಟರ ಕಾಗದ ಬಂತು, ನನಗೆ ಅಲ್ಲ, ಸಂಕಪ್ಪನಿಗೆ. ಫೋಟೊದ ಹಿಂಬದಿಯಲ್ಲಿ ನಿಮ್ಮ ಕೈಬರಹದಲ್ಲಿ ಕುಂಬ್ರ ಪಂಪು, ಸಂಕಪ್ಪನವರು ಎಂದು ಉಂಟಂತೆ. ಪಂಪನ್ನು ದಿವಂಗತರ ತಮ್ಮನೇ ನಡೆಸುತ್ತಿರುವುದು ಫೋಟೊದಿಂದ ತಿಳಿದುಬಂದ ಕಾರಣ ಜನವರಿ ಒಂದರಿಂದ ಕರಾರು ಅವನ ಹೆಸರಿಗೆ. ಆಕ್ಷೇಪ ಇದ್ದವರು ಡಿಸೆಂಬರ್ 31ರ ಒಳಗೆ ತಿಳಿಸಬೇಕು. ಸಂಕಪ್ಪ ಕೆಟ್ಟವನಲ್ಲ. ಆದರೆ ಆ ಕಾಗದ ಬಂದ ಮೇಲೆ ಅವನ ನಡಿಗೆಯೇ ಬೇರೆ. "ಅತ್ತಿಗೆ, ನಿಮಗೆ ಇನ್ನು ಒಳಗೆ ಆರಾಮ ಕೂತುಕೊಳ್ಳುದು" ಎಂದ.

ಸತ್ತವರನ್ನು ನಿಲ್ಲಿಸಲಿಕ್ಕೂ ನಿಮ್ಮ ಫೋಟೊದಲ್ಲಿ ಜಾಗ ಉಂಟು. ಬದುಕಿದವಳಿಗೆ ಮಾತ್ರ ಇಲ್ಲ.

ಒಂದು ವಿಷಯ. ಅವರು ಯಾವತ್ತೂ ಬ್ಯಾರಲ್ಲಿನ ಹಿಂದೆ ನಿಂತವರಲ್ಲ.

ವಾರಿಜಾಕ್ಷಿ


ಸುಳ್ಯ
23-11-1956

ವಾರಿಜಾಕ್ಷಿ ಅಕ್ಕನವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಕ್ಯಾಮರಾ ಬಿಚ್ಚಲಿಲ್ಲ. ನಾನು ಮಾಡಿದ್ದು ಎಂಥ ಕೆಲಸ ಎಂದು ಈಗ ಗೊತ್ತಾಯಿತು. ಕ್ಷಮಿಸಿ ಎಂದು ಬರೆಯಲಿಕ್ಕೂ ನಾಚಿಕೆ.

ಆದರೆ ದಾರಿ ಉಂಟು. ಆ ಗಾಜಿನ ಪ್ಲೇಟು ನನ್ನ ಹತ್ತಿರವೇ ಇದೆ. ನೀವು ಹೇಗಾದರೂ ಮಾಡಿ ನಿಮ್ಮದೊಂದು ಫೋಟೊ ಕಳುಹಿಸಿ. ಮದುವೆಯದ್ದು ಇದ್ದರೂ ಆದೀತು, ತಲೆ ಮಾತ್ರ ಸಾಕು. ಸಂಕಪ್ಪನವರ ಜಾಗದಲ್ಲಿ ನಿಮ್ಮನ್ನು ಕೂರಿಸಿ, ಹಿಡಿಕೆಯ ಮೇಲೆ ಕೈ ಬರುವಂತೆ ಮಾಡಿ, ಮೊದಲು ಕಳುಹಿಸಿದ್ದು ತಪ್ಪು ಪ್ರತಿ ಎಂದು ಏಜೆಂಟರಿಗೆ ಬರೆಯುತ್ತೇನೆ. ನನ್ನ ಟಚಿಂಗನ್ನು ಮಂಗಳೂರಿನಲ್ಲಿ ಹಿಡಿಯುವವರು ಯಾರೂ ಇಲ್ಲ. ಎಂಟು ದಿನದಲ್ಲಿ ಎಲ್ಲ ಸರಿಯಾಗುತ್ತದೆ.

ಪದ್ಮಯ್ಯ


ಕುಂಬ್ರ
28-11-1956

ಪದ್ಮಯ್ಯನವರಿಗೆ,

ಮೊದಲಿಗೆ, ನನ್ನನ್ನು ಅಕ್ಕ ಎನ್ನುವುದು ಬಿಡಿ. ನನಗೆ ಮೂವತ್ತನಾಲ್ಕು. ನಿಮ್ಮ ಕಿವಿಯ ಮೇಲಿನ ಕೂದಲು ಹಣ್ಣಾದದ್ದು ನಾನು ಹಲಸಿನ ಮರದ ಹಿಂದಿನಿಂದಲೇ ಕಂಡಿದ್ದೇನೆ.

ನನ್ನ ಮದುವೆಯ ಫೋಟೊ ಕಳುಹಿಸುವುದಿಲ್ಲ. ಅದರಲ್ಲಿ ಇರುವುದು ಹದಿನೇಳು ವರ್ಷದ ಹುಡುಗಿ. ಅವಳಿಗೆ ಪೆಟ್ರೋಲೂ ಗೊತ್ತಿಲ್ಲ, ಲಾರಿಯೂ ಗೊತ್ತಿಲ್ಲ. ಅವಳ ತಲೆ ಕೊಯ್ದು ಪಂಪಿಗೆ ಅಂಟಿಸಿ, ಅದನ್ನು ತೋರಿಸಿ ನಾನು ನನ್ನದೇ ಕೆಲಸವನ್ನು ಕೇಳಬೇಕೋ? ಆಮೇಲೆ ಪ್ರತಿ ಲಾರಿಗೆ ಹಿಡಿಕೆ ಆಡಿಸುವಾಗಲೂ ನಾನು ಅಂಟಿಸಿದವಳು ಎಂದೇ ನನಗೆ ಅನ್ನಿಸೀತು. ಅಂಥ ಪಂಪು ಸಂಕಪ್ಪನೇ ಇಟ್ಟುಕೊಳ್ಳಲಿ.

ನಿಮ್ಮ ಕಾಗದವನ್ನು ಪೋಕರನಿಗೆ ಓದಿ ಹೇಳಿದೆ. ಅವನ ಲಾರಿಗೆ ಬೇರೆ ಯಾರಾದರೂ ಪೆಟ್ರೋಲು ಹಾಕಿದ್ದು ಅವನಿಗೆ ನೆನಪಿಲ್ಲವಂತೆ. ಬೇಕಿದ್ದರೆ ಮಂಗಳೂರಿಗೆ ಹೋಗಿ ಹೇಳುತ್ತೇನೆ, ಆದರೆ ಲಾರಿಯವನ ಮಾತು ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ ಎಂದ. ಅದು ನಿಜ. ನನ್ನ ಆಕ್ಷೇಪದ ಅರ್ಜಿ ನಿನ್ನೆ ಹೋಗಿದೆ. ಅದು ನಾಲ್ಕನೆಯದ್ದು, ಅದನ್ನು ಓದುವ ಮೊದಲು ಅವರು ನಿಮ್ಮ ಫೋಟೊ ನೋಡುತ್ತಾರೆ.

ನೀವು ಮಾಡಬೇಕಾದ್ದು ಒಂದೇ. ನಡೆದದ್ದನ್ನು ನಡೆದ ಹಾಗೆ ಬರೆದು ಏಜೆಂಟರಿಗೆ ಕೊಡಿ. ಯಾರು ನಿಂತಿದ್ದರು, ಯಾರನ್ನು ಸರಿಸಿದಿರಿ, ಯಾರನ್ನು ಕರೆದಿರಿ, ಅಷ್ಟೇ. ನನಗೂ ಒಂದು ವಿಷಯ ಬರೆಯಿರಿ. ಕೈ ಬೀಸಿದ್ದು ಯಾಕೆ?

ಆದಿತ್ಯವಾರ ಸುಳ್ಯದ ಬಸ್ಸು ನಮ್ಮ ಪಂಪಿನ ಎದುರು ನಿಂತಾಗ ಮೇಲೆ ಕಟ್ಟಿದ ನಿಮ್ಮ ಕರಿ ಪೆಟ್ಟಿಗೆ ಕಂಡಿತು. ನೀವು ಆಚೆ ಬದಿಯ ಸೀಟಿನಲ್ಲಿ ಮುಖ ತಿರುಗಿಸಿ ಕುಳಿತಿದ್ದಿರಿ. ನಾನು ಕಚ್ಚುವುದಿಲ್ಲ ಮಾರಾಯ್ರೆ.

ವಾರಿಜಾಕ್ಷಿ


ಕಡಬ
10-12-1956

ವಾರಿಜಾಕ್ಷಿಯವರಿಗೆ,

ಏಜೆಂಟರಿಗೆ ತಿಳಿಸಿದ್ದೇನೆ. ನೀವು ಹೇಳಿದಂತೆಯೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವರು ಏನು ಮಾಡುತ್ತಾರೋ ನೋಡಬೇಕು.

ಕಡಬದಲ್ಲಿ ನಾನು ಇಳಿದುಕೊಂಡದ್ದು ಚನಿಯಪ್ಪನವರ ಅಂಗಡಿಯ ಹಿಂದೆ. ಮದುವೆಗೆ, ಯಕ್ಷಗಾನದ ಆಟಕ್ಕೆ ಗ್ಯಾಸ್‌ಲೈಟು ಬಾಡಿಗೆಗೆ ಕೊಡುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಅವರ ಕೆಲಸ. ಮಾಡಿನ ಜಂತಿಯಲ್ಲಿ ಹನ್ನೊಂದು ಗ್ಯಾಸ್‌ಲೈಟು ನೇತಾಡುತ್ತವೆ. ಅದರೊಳಗೆ ಕಟ್ಟುವ ಬಟ್ಟೆಯ ಮ್ಯಾಂಟಲ್ ಒಮ್ಮೆ ಉರಿದ ಮೇಲೆ ಬರೀ ಬೂದಿಯ ಬಲೆ, ಊದಿದರೆ ಉದುರುತ್ತದೆ. ಆದರೂ ಅದೇ ಇಡೀ ಚಪ್ಪರಕ್ಕೆ ಬೆಳಕು ಕೊಡುತ್ತದೆ. ನಾನು ಫೋಟೊ ತೆಗೆದು ಮುಗಿಯುವವರೆಗೆ ಚನಿಯಪ್ಪ ಉಸಿರು ಬಿಗಿಹಿಡಿದು ನಿಂತಿದ್ದರು. ಅವರನ್ನೂ ಸೇರಿಸಿಯೇ ತೆಗೆದೆ. ಈಗ ಯಾರನ್ನೂ ಸರಿಸುವುದಿಲ್ಲ. ಬೆಳ್ಳಾರೆಗೂ ಪುನಃ ಹೋಗಿ ಅಡಿಕೆ ಬೇಯಿಸುವವರನ್ನು, ನೀರು ಸೇದುವವರನ್ನು ನಿಲ್ಲಿಸಿ ತೆಗೆದೆ. ಮೊದಲು ತೆಗೆದದ್ದರಲ್ಲಿ ಬ್ಯಾರಲು, ಡಬ್ಬ ಮಾತ್ರ ಇದ್ದವು, ಅವು ತಾವಾಗಿ ದುಡಿಯುತ್ತವೆ ಎಂಬಂತೆ.

ಕೈ ಬೀಸಿದ್ದು ಯಾಕೆ ಎಂದು ಕೇಳಿದಿರಿ. ಕಂಪೆನಿಯ ನಿಯಮ, ಬಿಸಿಲಿನ ಝಳ ಎಂದೆಲ್ಲ ಬರೆದು ಹರಿದು ಹಾಕಿದೆ. ನಿಜ ಇಷ್ಟು. ಹಬ್ಬದ ದಿನ, ಹೂ ಹಾಕಿದ ಪಂಪು, ಪಕ್ಕದಲ್ಲಿ ಕುಂಕುಮ ಇಲ್ಲದ ಹೆಂಗಸು. ನಾನು ಆಲೋಚನೆ ಮಾಡಲೇ ಇಲ್ಲ, ಕೈ ತಾನಾಗಿ ಎದ್ದಿತು. ಎಷ್ಟೋ ಮದುವೆಯಲ್ಲಿ, ಎಷ್ಟೋ ಗೃಹಪ್ರವೇಶದಲ್ಲಿ ಹೀಗೆ ಎತ್ತಿ ಎತ್ತಿ ಅದಕ್ಕೆ ಅಭ್ಯಾಸವಾಗಿದೆ. ಯಾರೂ ನನ್ನನ್ನು ಯಾಕೆ ಎಂದು ಕೇಳಿರಲಿಲ್ಲ. ಎಲ್ಲರೂ ನಿಮ್ಮ ಹಾಗೆಯೇ ಸುಮ್ಮನೆ ಸರಿದುಹೋಗಿದ್ದಾರೆ.

ನನಗೆ ಐದು ವರ್ಷವಾಗಿದ್ದಾಗ ಅಪ್ಪ ಹೋದರು. ಅಮ್ಮ ಸುಳ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ಗದ್ದೆ ಕೆಲಸ ಮಾಡಿ ನನ್ನನ್ನು ಸಾಕಿದರು, ನಾನು ಕ್ಯಾಮರಾ ಕೊಂಡದ್ದು ಅವರ ಬಳೆ ಮಾರಿ. ಸ್ಟುಡಿಯೋ ತೆರೆದ ದಿನ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೊದಲ ಫೋಟೊ ತೆಗೆದೆ. ಅಮ್ಮ, "ನಂಗೆ ಎಂತಕೆ ಮಗ, ನೀವೆಲ್ಲ ನಿತ್ಕಣಿ" ಎಂದು ಬಾಗಿಲಿನ ಹಿಂದೆ ಹೋದರು. ಬನ್ನಿ ಎಂದು ನಾನು ಕರೆಯಲಿಲ್ಲ. ಆಮೇಲೆ ಆರು ವರ್ಷ ಬದುಕಿದ್ದರು. ಪುತ್ತೂರಿನಲ್ಲಿ ಅರ್ಧ ಊರಿನ ಮುಖ ನನ್ನ ಪೆಟ್ಟಿಗೆಯಲ್ಲಿ ಉಂಟು. ನನ್ನ ಅಮ್ಮನದ್ದು ಒಂದೂ ಇಲ್ಲ.

ಇದನ್ನು ನಾನು ಯಾರಿಗೂ ಹೇಳಿದವನಲ್ಲ. ನಿಮಗೆ ಹೇಳಬೇಕು ಅನ್ನಿಸಿತು.

ಪದ್ಮಯ್ಯ


ಕುಂಬ್ರ
22-12-1956

ಪದ್ಮಯ್ಯನವರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಕೋಪ ಯಾವಾಗ ಇಳಿಯಿತೋ ನನಗೆ ಗೊತ್ತಾಗಲಿಲ್ಲ. ಅದಕ್ಕೆ ಉತ್ತರ ಬರೆಯುವ ಮೊದಲೇ ಇಲ್ಲಿ ದೊಡ್ಡ ಗಲಾಟೆ ಆಯಿತು, ಅದನ್ನು ಹೇಳುತ್ತೇನೆ.

ಮೊನ್ನೆ ಗುರುವಾರ ಮಧ್ಯಾಹ್ನ ಏಜೆಂಟರ ಆಫೀಸಿನ ದೊಡ್ಡವರು ಜೀಪಿನಲ್ಲಿ ಬಂದರು. ಒಟ್ಟಿಗೆ ಮಂಗಳೂರಿನ ಒಬ್ಬ ಫೋಟೊದವರು. ಸಂಕಪ್ಪ ಇಸ್ತ್ರಿ ಅಂಗಿ ಹಾಕಿ ತಯಾರು. ದೊಡ್ಡವರು ಹೆಚ್ಚು ಮಾತಾಡುವವರಲ್ಲ. ಜೀಪಿಗೆ ಎರಡು ಗ್ಯಾಲನ್ ಹಾಕಿ ಎಂದರು, ಯಾರು ಹಾಕಬೇಕು ಎಂದು ಹೇಳಲಿಲ್ಲ. ಸಂಕಪ್ಪ ಹೋಗಿ ಹಿಡಿಕೆ ಹಿಡಿದ. ಜೋರಾಗಿ ಆಡಿಸಿದ, ನಡುವಿನ ಹಿಡಿ ತಿರುಗಿಸಲು ಮರೆತ. ಜಾಡಿ ಕಂಠದವರೆಗೆ ತುಂಬಿ ನಿಂತಿತು, ಜೀಪಿಗೆ ಒಂದು ಹನಿ ಇಳಿಯಲಿಲ್ಲ. ಅವನ ಮುಖದಲ್ಲಿ ಬೆವರು. ನಾನು ಅಲ್ಲಿಯೇ ಇದ್ದೆ, ಹೋಗಲಿಲ್ಲ. ಹೋದರೆ ಅವನ ಮಾನ ಹೋಗುತ್ತದೆ, ಹೋಗದಿದ್ದರೆ ನನ್ನ ಅನ್ನ ಹೋಗುತ್ತದೆ.

ಆಗ ಅತ್ತೆ ಗೋಡೆ ಹಿಡಿದುಕೊಂಡು ರಸ್ತೆಯವರೆಗೆ ಬಂದರು. ಮಗನ ಹೆಗಲು ಮುಟ್ಟಿ, "ಅವಳ ಕೈಗೆ ಕೊಡು ಮಗ. ತ್ಯಾಂಪು ಕೊಟ್ಟು ಹೋದದ್ದು ಅವಳ ಕೈಗೆ" ಎಂದು ತುಳುವಿನಲ್ಲಿ ಹೇಳಿದರು. ದೊಡ್ಡವರಿಗೆ ತುಳು ಬರುತ್ತದೆ ಎಂದು ಆಮೇಲೆ ಗೊತ್ತಾಯಿತು. ಸಂಕಪ್ಪ ಹಿಡಿಕೆ ಬಿಟ್ಟು ಬದಿಗೆ ಸರಿದ. ಎರಡು ಗ್ಯಾಲನ್ ನಾನು ಹಾಕಿದೆ. ಅವನು ಮೆಲ್ಲ ದೊಡ್ಡವರ ಹತ್ತಿರ ಹೋಗಿ, "ನಾನು ಅವತ್ತು ಊಟಕ್ಕೆ ಬಂದವ ಸಾರ್. ನಿಲ್ಲಿ ಅಂದರು, ನಿಂತೆ" ಎಂದ. ಪಾಪ ಅನ್ನಿಸಿತು. ಸಾಯಂಕಾಲ ಅವನಿಗೆ ಇಷ್ಟ ಎಂದು ಬಂಗುಡೆ ಮೀನಿನ ಸಾರು ಮಾಡಿದೆ, ಎರಡು ಸಲ ಬಡಿಸಿಕೊಂಡ.

ಮಂಗಳೂರಿನ ಫೋಟೊದವರು ನನ್ನನ್ನು ಪಂಪಿನ ಪಕ್ಕ ನಿಲ್ಲಿಸಿ ತೆಗೆದರು. ಪೆಟ್ಟಿಗೆ ಕಟ್ಟುವಾಗ ಅವರು ಹೇಳಿದ ಮಾತು ಇದು. ಪದ್ಮಯ್ಯ ಎಂಬವರು ಕಾಗದ ಬರೆದದ್ದಲ್ಲವಂತೆ. ಡಿಸೆಂಬರ್ 3ಕ್ಕೆ ತಾವಾಗಿ ಆಫೀಸಿಗೆ ಬಂದು, ಕುಂಬ್ರದ ಫೋಟೊ ಸುಳ್ಳು ಹೇಳುತ್ತದೆ, ತಪ್ಪು ನನ್ನದು ಎಂದು ಎಲ್ಲರ ಎದುರು ಹೇಳಿ ಸಹಿ ಹಾಕಿ ಕೊಟ್ಟರಂತೆ. ಹಾಗಾದರೆ ನಿಮ್ಮ ಬೇರೆ ಫೋಟೊಗಳನ್ನು ನಂಬುವುದು ಹೇಗೆ ಎಂದು ಏಜೆಂಟರು ಅಷ್ಟನ್ನೂ ವಾಪಸು ಕೊಟ್ಟು ಕೆಲಸ ಕಿತ್ತುಕೊಂಡರಂತೆ. ಈಗ ಇಡೀ ಕೆಲಸ ಈ ಮಂಗಳೂರಿನ ಫೋಟೊದವರಿಗೆ ಸಿಕ್ಕಿದೆ.

ಅಂದರೆ 10ನೇ ತಾರೀಕಿಗೆ ಕಡಬದಿಂದ ಗ್ಯಾಸ್‌ಲೈಟಿನ ಕಥೆ ಬರೆಯುವಾಗ ನಿಮಗೆ ಕೆಲಸವೇ ಇರಲಿಲ್ಲ. ನನಗೆ ಯಾಕೆ ಹೇಳಲಿಲ್ಲ?

ವಾರಿಜಾಕ್ಷಿ


ಕುಂಬ್ರ
16-1-1957

ಪದ್ಮಯ್ಯನವರೇ,

ಮೂರು ವಾರವಾಯಿತು, ಉತ್ತರ ಇಲ್ಲ. ಪುತ್ತೂರಿಗೆ ಹೋದವಳು ಸ್ಟುಡಿಯೋದವರೆಗೆ ಬಂದೆ. ಬೀಗ ಇತ್ತು. ನೀವು ಕಡಬದಲ್ಲಿ, ನೆಟ್ಟಣದಲ್ಲಿ ಮದುವೆಯ ಫೋಟೊ ತೆಗೆದುಕೊಂಡು ಇದ್ದೀರಿ, ಚನಿಯಪ್ಪನವರ ವಿಳಾಸಕ್ಕೆ ಬರೆದರೆ ಸಿಗುತ್ತದೆ ಎಂದು ಟೈಲರ್ ಶ್ಯಾಮ ಹೇಳಿದ.

ಕರಾರುಪತ್ರ ಮೊನ್ನೆ ಬಂತು. ಅದರಲ್ಲಿ ನನ್ನ ಹೆಸರು ಉಂಟು. ಅತ್ತೆಯ ಬೆರಳು ಹಿಡಿದು ಅಕ್ಷರದ ಮೇಲೆ ಓಡಿಸಿ ತೋರಿಸಿದೆ. ಪೋಕರ್ ಲಾರಿಯ ಹಾರ್ನನ್ನು ಕುಂಬ್ರದ ಪೇಟೆ ಇಡೀ ಕೇಳುವಂತೆ ಬಾರಿಸಿದ. ಸಂಕಪ್ಪ ಲೋಡಿನ ಬ್ಯಾರಲ್ ಇಳಿಸಲಿಕ್ಕೆ ಬರುತ್ತಾನೆ, ಅದು ನನ್ನಿಂದ ಆಗುವುದಿಲ್ಲ, ಅವನಿಗೆ ಚೆನ್ನಾಗಿ ಆಗುತ್ತದೆ.

ಎಲ್ಲ ಸರಿಯಾಯಿತು, ನನಗೆ ಮಾತ್ರ ಖುಷಿ ಪೂರ್ತಿ ಬರುವುದಿಲ್ಲ. ಸಂಜೆ ಲೈನ್‌ಬಸ್ಸು ಹೋದ ಮೇಲೆ ಯಾರಿಗಾದರೂ ಇದನ್ನೆಲ್ಲ ಹೇಳಬೇಕು ಅನ್ನಿಸುತ್ತದೆ. ಆ ಯಾರೋ ನೀವೇ ಎಂದು ಕಂಡುಕೊಳ್ಳಲು ನನಗೆ ಇಷ್ಟು ದಿನ ಬೇಕಾಯಿತು. ನೀವು ಸೇವಂತಿಯಮ್ಮನ ಒಲೆ, ಚನಿಯಪ್ಪನ ಮ್ಯಾಂಟಲ್ ಎಂದು ಬರೆಯುತ್ತಿದ್ದಾಗ ನನಗೆ ಅಂಚೆಯವನ ದಾರಿ ಕಾಯುವ ಚಟ ಹಿಡಿಯಿತು. ನಮ್ಮಲ್ಲಿ ಗಂಡ ಹೋದವಳು ಇನ್ನೊಂದು ಮನೆ ಕಟ್ಟುವುದು ಹೊಸತಲ್ಲ, ನಿಮ್ಮ ಸುಳ್ಯದ ಕಡೆಯೂ ಹೊಸತಲ್ಲ. ಇಷ್ಟು ಬರೆಯಲಿಕ್ಕೆ ನನಗೆ ನಾಚಿಕೆ ಆಗಲಿಲ್ಲ, ಯಾಕೆಂದು ಗೊತ್ತಿಲ್ಲ.

ಮಂಗಳೂರಿನವರು ತೆಗೆದ ಫೋಟೊ ಒಂದು ಪ್ರತಿ ಬಂದಿದೆ. ಪಂಪು ಉಂಟು, ನಾನೂ ಇದ್ದೇನೆ. ಕಂಪೆನಿಗೆ ಅಷ್ಟು ಸಾಕು. ನನಗೆ ಸಾಲದು, ಅದರಲ್ಲಿ ಇರುವವಳು ಯಾರೋ ದೊಡ್ಡವರ ಎದುರು ಹೆದರಿ ನಿಂತ ಹೆಂಗಸು. ನೀವು ಬಂದು ಒಂದು ತೆಗೆಯಬೇಕು.

ವಾರಿಜಾಕ್ಷಿ


ಕಡಬ
21-1-1957

ವಾರಿಜಾಕ್ಷಿ,

ಕೆಲಸ ಹೋದದ್ದನ್ನು ಹೇಳಿದರೆ, ನಿಮ್ಮಿಂದ ಹೋಯಿತು ಎಂದು ನೀವು ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ ಎಂದು ಹೇಳಲಿಲ್ಲ. ಡಿಸೆಂಬರಿನ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಬೇರೆ ಕಾರಣಕ್ಕೆ. ಪಂಪು ನಿಮ್ಮದಾಗುವುದು ಖಂಡಿತವಾದ ಮೇಲೆ ನಿಮಗೆ ಇನ್ನು ನನ್ನ ಕಾಗದ ಯಾಕೆ ಎಂದು ಸುಮ್ಮನಾದೆ. ಇನ್ನೂರು ಮದುವೆಯ ಫೋಟೊ ತೆಗೆದರೂ ನನ್ನದೊಂದು ಮದುವೆ ಹೇಗೆ ಆಗುತ್ತದೆಂದು ನನಗೆ ಗೊತ್ತಿಲ್ಲ. ನಿಮ್ಮ ಕಾಗದ ಓದಿ ಚನಿಯಪ್ಪನವರಿಗೆ ಕೊಟ್ಟೆ. ಅವರು ಓದಿ, ಹೋಗಿ ಬನ್ನಿ ಎಂಬಂತೆ ನನ್ನ ಬಟ್ಟೆಯ ಪೆಟ್ಟಿಗೆಯನ್ನು ಕಟ್ಟಿ ಹೊರಗಿಟ್ಟರು.

ಮುಂದಿನ ಆದಿತ್ಯವಾರ ಬೆಳಗ್ಗಿನ ಬಸ್ಸಿಗೆ ಕುಂಬ್ರದಲ್ಲಿ ಇಳಿಯುತ್ತೇನೆ. ಕ್ಯಾಮರಾ ತರುವುದಿಲ್ಲ. ಈ ರಸ್ತೆಯಲ್ಲಿ ಎಷ್ಟೋ ವರ್ಷದಿಂದ ಹೋಗುತ್ತಾ ಬರುತ್ತಾ ಇದ್ದೇನೆ, ನೀವು ಪೆಟ್ರೋಲು ಹಾಕುವುದನ್ನು ನಾನು ಒಂದು ದಿನವೂ ನೋಡಿದವನಲ್ಲ. ಅದನ್ನು ಮೊದಲು ನನ್ನ ಕಣ್ಣಿನಲ್ಲಿ ನೋಡಬೇಕು. ನಾಲ್ಕು ಲಾರಿ ಬಂದು ಹೋಗುವವರೆಗೆ ನಾನು ಅಲ್ಲಿಯೇ ಕುಳಿತಿರುತ್ತೇನೆ. ಆಮೇಲೆ ಅತ್ತೆಯವರ ಹತ್ತಿರ ಮಾತಾಡುತ್ತೇನೆ.

ಪದ್ಮಯ್ಯ